ಐವತ್ತಾರರ ಪಟ್ಟಿಯಲ್ಲಿ ಇಲ್ಲದ ಹೆಸರು

೧೯೫೬ರಲ್ಲಿ ಪಾಪಣ್ಣನವರು ಬೆಂಗಳೂರಿನ ಹೆಸರಾಂತ ಫುಲ್‌ಬ್ಯಾಕ್. ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋಗುವ ಫುಟ್‌ಬಾಲ್ ತಂಡದ ಶಿಬಿರದಲ್ಲಿ ಆರು ವಾರ ಇದ್ದರು. ಕೊನೆಯ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

ಹೆಂಡತಿ ತೀರಿಕೊಂಡ ಮೇಲೆ ಸಿಂಗಪುರಕ್ಕೆ, ಟ್ಯಾಂಪಿನೀಸ್‌ನಲ್ಲಿದ್ದ ಮಗ ನವನೀತ್ ಮನೆಗೆ ಬಂದರು. "ನಮ್ಮಪ್ಪ ಒಲಿಂಪಿಕ್ಸ್ ಆಡಿದೋರು" ಎಂದು ಮಗ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ.

೨೦೧೪ರ ವಿಶ್ವಕಪ್ ಸಮಯದಲ್ಲಿ ಅಲ್ಲಿನ ಕನ್ನಡದವರು ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸುವಾಗ ಅವಿನಾಶ್ ಎಂಬ ಯುವಕ ಫೋನ್ ನೋಡುತ್ತಲೇ ಎದ್ದು ನಿಂತ.

"ಅಂಕಲ್, ಫುಲ್ ಲಿಸ್ಟ್ ಇಲ್ಲೇ ಇದೆ. ನಿಮ್ಮ ಹೆಸರೇ ಇಲ್ವಲ್ಲ?"

ಪಾಪಣ್ಣ ಉತ್ತರಿಸುವ ಮೊದಲೇ ನವನೀತ್ ಮೈಕ್ ಕಿತ್ತುಕೊಂಡ. "ಸಾರಿ. ಅಪ್ಪಂಗೆ ಡಿಮೆನ್ಷಿಯಾ ಸ್ಟಾರ್ಟ್ ಆಗಿದೆ. ಅವ್ರು ಹೇಳಿದ್ದನ್ನ ನಾನೂ ನಂಬ್ಬಿಟ್ಟೆ."

ಸಭೆ ಅಯ್ಯೋ ಎಂದಿತು. ನಿಜ ಹೇಳಿದರೆ ಮಗನ ಮಾನ ಹೋಗುತ್ತದೆಂದು ಪಾಪಣ್ಣ ತುಟಿ ಕಚ್ಚಿ ಕುಳಿತರು.

"ಯಾಕಪ್ಪ ಹಂಗಂದೆ?" ಎಂದು ಮನೆಗೆ ಬಂದು ಕೇಳಿದರು.

"ನಾನು ಇಲ್ಲೇ ಬಾಳ್ಬೇಕಪ್ಪ. ನಿಮ್ಗೇನು?"

ಮರೆವಿನ ಕಾಯಿಲೆಯ ಆ ಸುಳ್ಳು ಉಳಿಯಬೇಕಿತ್ತು. ಆಮೇಲೆ ನವನೀತ್ ವಿಳಾಸ ಬರೆದುಕೊಟ್ಟ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳದೆ ಅವರು ಕಟ್ಟಡದ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಜಾಗಕ್ಕೂ ಇಳಿಯುವಂತಿರಲಿಲ್ಲ. ಸಿಕ್ಕ ಕನ್ನಡದವರೆಲ್ಲ, "ನಾನ್ಯಾರು ಹೇಳಿ ಅಂಕಲ್?" ಎಂದು ಎಳೆಮಕ್ಕಳನ್ನು ಕೇಳುವಂತೆ ಕೇಳುತ್ತಿದ್ದರು. ಮೊದಮೊದಲು ಅವರು ಒಬ್ಬೊಬ್ಬರ ಹೆಸರನ್ನೂ ಸರಿಯಾಗಿ ಹೇಳಿದರು. ಬರುಬರುತ್ತಾ ಬೇಸತ್ತು ಮಾತೇ ನಿಲ್ಲಿಸಿದರು. ಕಾಯಿಲೆ ಜಾಸ್ತಿಯಾಗಿದೆ ಎಂದು ಎಲ್ಲರೂ ನವನೀತ್‌ಗೆ ಸಮಾಧಾನ ಹೇಳಿದರು.