ಬಿಚ್ಚಿ ಕಟ್ಟಿದ ಕವಣೆ

ಗೊಟ್ಟಿಗೆರೆಯ ಪ್ಲೈವುಡ್ ಅಂಗಡಿಗೆ ಲತಾಮಣಿ ಸೇರಿದ್ದು ಕಸ ಗುಡಿಸುವುದಕ್ಕೆ. ಹಲಗೆ ಕೊಯ್ಯುವ ಮಿಷನ್ ಹತ್ತಿರ ಹೆಂಗಸರು ಸುಳಿಯಬಾರದೆಂದು ಮೇಸ್ತ್ರಿ ಯಲ್ಲಪ್ಪ ಮೊದಲ ದಿನವೇ ಹೇಳಿದ್ದ. ಆರು ತಿಂಗಳು ಪೊರಕೆ ಹಿಡಿದುಕೊಂಡೇ ಅವಳು ಅವನ ಕೈಕೆಲಸ ನೋಡಿ ಕಲಿತಳು. ಅವನು ರಜಾ ಹಾಕಿದ್ದ ಒಂದು ದಿನ ಗಿರಾಕಿ ಕಾಯುತ್ತಿದ್ದಾಗ, ತಾನೇ ಅಳತೆ ಹಾಕಿ ನಾಲ್ಕು ಕಪಾಟಿನ ಬಾಗಿಲು ಕೊಯ್ದು ಕೊಟ್ಟಳು. ಒಂದು ನೂಲೂ ಹೆಚ್ಚುಕಮ್ಮಿ ಇರಲಿಲ್ಲ. ಅದಾಗಿ ಹನ್ನೊಂದು ವರ್ಷ. ಮಿಷನ್ ಈಗ ಅವಳದೇ.

ಮಗಳು ಸುಮೇಧ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಫಿಸಿಕ್ಸ್ ಪ್ರಾಜೆಕ್ಟಿಗೆ ಕವಣೆ ಕಟ್ಟುತ್ತೇನೆಂದಳು. ಅಂಗಡಿಯಲ್ಲಿ ಉಳಿದ ಮರದ ತುಂಡು, ಸೈಕಲ್ ಟ್ಯೂಬಿನ ರಬ್ಬರು, ಕೋಲಿನ ತುದಿಗೆ ಸ್ಟೀಲ್ ಸೌಟು. ಮೂರು ಭಾನುವಾರ ಕೂತಳು. ಗರಗಸ ಓರೆಯಾದಾಗೆಲ್ಲ ಲತಾಮಣಿಯ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ.

ಪ್ರಾಜೆಕ್ಟ್ ಒಪ್ಪಿಸಿದ ದಿನ ಸುಮೇಧ ಮುಖ ಊದಿಸಿಕೊಂಡು ಬಂದಳು. “ನಿಮ್ಮಮ್ಮ ಮಾಡ್ಕೊಟ್ಟಿದ್ದು ಅಂತ ಫಿಸಿಕ್ಸ್ ಸಾರ್ ಮಾರ್ಕ್ಸೇ ಹಾಕ್ಲಿಲ್ಲ ಅಮ್ಮ. ಅಂಗಡಿಯಿಂದ ರೆಡಿಮೇಡ್ ಕಿಟ್ ತಂದವ್ರಿಗೆಲ್ಲ ಹಾಕಿದ್ರು.”

ಮಾರನೆಯ ದಿನ ಲತಾಮಣಿ ಮರದ ಹೊಟ್ಟು ಅಂಟಿದ ಚೂಡಿದಾರದಲ್ಲೇ ಶಾಲೆಗೆ ಹೋದಳು. ಫಿಸಿಕ್ಸ್ ಮೇಷ್ಟ್ರು ಶಿವರಾಮ್ ಲ್ಯಾಬಿನಲ್ಲಿ ಸುಮೇಧಳ ಕ್ಲಾಸಿಗೆ ಪಾಠ ಮಾಡುತ್ತಿದ್ದರು.

“ನೀವು ಕಾರ್ಪೆಂಟರ್ ಕೆಲ್ಸ ಮಾಡ್ತೀರಂತಲ್ಲ. ಇಷ್ಟು ನೀಟಾಗಿ ಆ ಹುಡುಗಿ ಕೈಲಿ ಆಗುತ್ತಾ?”

“ನನ್ ಕೈಲಿ ಆಗಿದ್ದು ಅವಳ ಕೈಲಿ ಯಾಕ್ ಆಗಲ್ಲ ಸಾರ್? ಗರಗಸ ಹಿಡಿಯೋದು ಹೇಳ್ಕೊಟ್ಟೆ, ಅಷ್ಟೇ. ಬಿಚ್ಚಿಹಾಕಿ. ನಿಮ್ಮ ಮುಂದೇನೇ ಕಟ್ತಾಳೆ.”

“ಕ್ಲಾಸ್ ಟೈಮ್ ವೇಸ್ಟ್ ಆಗುತ್ತೆ.”

“ಆಗ್ಲಿ. ಕಟ್ಟೋವರೆಗೂ ನಾನು ಹೋಗಲ್ಲ.” ಲತಾಮಣಿ ಬಾಗಿಲಲ್ಲೇ ನಿಂತಳು.

ಮೇಷ್ಟ್ರೇ ಸ್ಕ್ರೂ ಬಿಚ್ಚಿದರು. ನಲವತ್ತು ಮಕ್ಕಳ ಮುಂದೆ ಸುಮೇಧ ಒಂದೊಂದಾಗಿ ಜೋಡಿಸಿ, ಸೌಟಿನಲ್ಲಿ ನಿಂಬೆಹಣ್ಣಿಟ್ಟು, ಎಳೆದು ಬಿಟ್ಟಳು. ಹಣ್ಣು ಎರಡಡಿ ಮುಂದೆ ನೆಲಕ್ಕೆ ಬಡಿಯಿತು. ಕ್ಲಾಸು ನಕ್ಕಿತು. ತಪ್ಪು ಎಲ್ಲಿದೆಯೆಂದು ಲತಾಮಣಿಗೆ ಕಂಡಿತ್ತು. ಆದರೂ ಬಾಗಿಲು ದಾಟಿ ಒಳಗೆ ಬರಲಿಲ್ಲ.

ಸುಮೇಧ ಬಗ್ಗಿ ನೋಡಿದಳು. “ಕೋಲು ತಡೆಯೋ ಅಡ್ಡಪಟ್ಟಿ ಮುಂದಕ್ಕೆ ಹಾಕ್ಬಿಟ್ಟಿದೀನಿ ಸಾರ್. ಕೋಲು ಪೂರ್ತಿ ಮುಂದಕ್ಕೆ ಬಗ್ಗಿದ್ಮೇಲೆ ನಿಲ್ತಿದೆ. ಅದಕ್ಕೇ ಹಣ್ಣು ಕೆಳಕ್ಕೆ ಹೋಯ್ತು.” ಪಟ್ಟಿಯನ್ನು ಎರಡು ತೂತು ಹಿಂದಕ್ಕೆ ಸರಿಸಿ ಮತ್ತೆ ಎಳೆದಳು. ನಿಂಬೆಹಣ್ಣು ಎಲ್ಲರ ತಲೆಯ ಮೇಲೆ ಹಾರಿ ಹಿಂದಿನ ಗೋಡೆಗೆ ಬಡಿಯಿತು.

ಶಿವರಾಮ್ ಇಪ್ಪತ್ತಕ್ಕೆ ಹದಿನೆಂಟು ಬರೆದರು.

“ಎರಡು ಯಾಕ್ ಕಟ್ ಆಯ್ತು ಸಾರ್?” ಸುಮೇಧ ಕೇಳಿದಳು.

“ಫಸ್ಟ್ ಟೈಮ್ ಸರಿಯಾಗ್ಲಿಲ್ವಲ್ಲ.”

“ಸರಿ ಮಾಡಿದ್ದೂ ನಾನೇ ಅಲ್ವಾ ಸಾರ್? ಆ ಕಿಟ್‌ಗಳನ್ನೂ ಒಂದ್ಸಲ ಬಿಚ್ಚಿಸಿ ನೋಡಿ.”

ಮೇಷ್ಟ್ರು ಮಾರ್ಕ್ಸ್ ಪುಸ್ತಕ ಮುಚ್ಚಿದರು. ಹದಿನೆಂಟು ಹದಿನೆಂಟಾಗಿಯೇ ಉಳಿಯಿತು.

ಗೇಟಿನವರೆಗೆ ಬಂದ ಸುಮೇಧ ಅಳುಕುತ್ತ ಕೇಳಿದಳು, “ಹಂಗೆ ಕೇಳಿದ್ದು ತಪ್ಪಾಯ್ತಾ ಅಮ್ಮ?”

“ಇಲ್ಲ ಕಣೆ. ಇನ್ನೊಂಚೂರು ಜೋರಾಗಿ ಕೇಳ್ಬೇಕಿತ್ತು,” ಎಂದು ಲತಾಮಣಿ ಬಸ್ಸಿಗೆ ಕೈ ಅಡ್ಡ ಹಿಡಿದಳು.