ಹೊಟ್ಟೆ ಬಿಚ್ಚಿಕೊಂಡ ಸೋಫಾ, ಹೊಲಿಯದ ಸೂಜಿ

ಬಿಸಿಲು ಇನ್ನೂ ಬೀದಿಯ ಒಂದು ಬದಿಗಷ್ಟೇ ಬಂದಿದೆ. ಸಾಲು ಅಂಗಡಿಗಳ ನಡುವೆ ಒಂದೇ ಒಂದು ಷಟರ್ ಮೇಲೆದ್ದಿದೆ. ಅದರ ಮುಂದೆ ಮೂವರು ಕೂರುವ ಸೋಫಾವೊಂದು ನಾಲ್ಕೂ ಕಾಲು ಆಕಾಶಕ್ಕೆ ಮಾಡಿ, ತಳದ ಕಪ್ಪು ಬಟ್ಟೆ ಹರಿದು, ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ. ಪಕ್ಕದ ಸ್ಟೂಲಿನ ಮೇಲೆ ನರೆತ ಮೀಸೆಯ ರಿಪೇರಿಯವರು ಬಾಗಿದ ಸೂಜಿ ಹಿಡಿದು ಕೂತಿದ್ದಾರೆ. ಸೂಜಿಗೆ ದಾರ ಪೋಣಿಸಿಯಾಗಿದೆ. ಆದರೆ ಹೊಲಿಯುತ್ತಿಲ್ಲ. ಹೊಲಿಯದೆ ಕೂರುವುದೇ ಇವತ್ತು ಅವರ ಕೆಲಸ, ಮತ್ತು ಅಷ್ಟು ಕಷ್ಟದ ಕೆಲಸ ಅವರು ಈವರೆಗೆ ಮಾಡಿಲ್ಲ.

ಬೀದಿಯವರಿಗೆ ಇವರು ಸ್ಪ್ರಿಂಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಪೇಪರ್ ಹಾಕುವವರು ಸೈಕಲ್ ನಿಲ್ಲಿಸಿ ಒಂದು ಕಾಲೂರುತ್ತಾರೆ. "ಏನ್ ಸ್ಪ್ರಿಂಗಣ್ಣ, ಮೊನ್ನೆಯಿಂದ ಹಿಂಗೇ ಬಿದ್ದಿದೆಯಲ್ಲ ಪಾಪ. ಕೈ ನೋವಾ?"

"ಕೈ ಚೆನ್ನಾಗಿದೆ ಕಣಪ್ಪ. ಮುಖ ತೋರ್ಸೋಕ್ ಆಗ್ತಿಲ್ಲ, ಅಷ್ಟೇ."

ಅವರ ಅಪ್ಪ ಬಸ್ಸಿನ ಸೀಟು ಹೊಲಿಯುತ್ತಿದ್ದವರು. ಮಗನಿಗೆ ಕೊಟ್ಟ ಆಸ್ತಿ ಎಂದರೆ ಒಂದು ಸುತ್ತಿಗೆ, ಒಂದು ಡಬ್ಬಿ ಮೊಳೆ, ಒಂದು ನಿಯಮ: ಬಿಚ್ಚಿದ್ದನ್ನು ಮುಚ್ಚದೆ ಮಲಗಬಾರದು. ಸೋಫಾದ ಒಳಗೆ ಒಂದು ಮನೆಯ ಗುಟ್ಟೆಲ್ಲ ಇರುತ್ತದೆ. ಹಲ್ಲು ಮುರಿದ ಬಾಚಣಿಗೆ, ಮಗು ಬಚ್ಚಿಟ್ಟ ಮಾತ್ರೆ, ಅತ್ತೆಗೆ ಕಾಣಬಾರದೆಂದು ತುರುಕಿದ ಚಾಕೊಲೇಟ್ ಕಾಗದ. ಅದನ್ನು ಬೀದಿಗೆ ತೋರಿಸುವುದೆಂದರೆ ಗಿರಾಕಿಯ ಮಾನ ಕಳೆದಂತೆ. ದಿನಕ್ಕೆ ಎರಡು ಕುರ್ಚಿ ಇಲ್ಲವೇ ಅರ್ಧ ಸೋಫಾ, ಇದು ಸ್ಪ್ರಿಂಗಣ್ಣನವರ ಲೆಕ್ಕ. ಆ ಅರ್ಧಕ್ಕೂ ಸಂಜೆ ಬಟ್ಟೆ ಹೊಚ್ಚಿಯೇ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಮಾತ್ರ ಮಂಚದ ಒಂದು ಕಾಲಿಗೆ ಇಟ್ಟಿಗೆ. "ನಾನೂ ಗಿರಾಕಿ ಆಗಿದ್ರೆ ಎಷ್ಟೋ ಚೆನ್ನಾಗಿತ್ತು" ಎನ್ನುತ್ತಾರೆ ಅವರ ಹೆಂಡತಿ.

ಅವರಿಗೆ ಇನ್ನೊಂದು ವಿದ್ಯೆ ಉಂಟು, ಅಣಕು. ಸ್ಪ್ರಿಂಗ್ ಸಡಿಲಾದರೆ 'ಟೊಂಯ್', ಸ್ಪ್ರಿಂಗಿನಡಿಯ ಪಟ್ಟಿ ಬಿಟ್ಟಿದ್ದರೆ 'ಸುಂಯ್', ಮರ ಬಿರಿದಿದ್ದರೆ ಹಲ್ಲುಜ್ಜದ ಮುದುಕನ ಆಕಳಿಕೆಯಂಥ ಒಂದು 'ಕ್ರಾ...'. ಗಿರಾಕಿ ಬಾಯಲ್ಲಿ ರೋಗ ಹೇಳುವ ಮೊದಲೇ ಇವರು ಸೋಫಾದ ಬಾಯಲ್ಲಿ ಹೇಳಿಬಿಡುತ್ತಾರೆ.

ಈಚೆಗೆ ಅವರು ಅಣಕಿಸುವುದು ಸೋಫಾವನ್ನಲ್ಲ, ಒಬ್ಬ ಷೋರೂಮ್ ಮ್ಯಾನೇಜರನ್ನು. ಕತ್ತು ಒಂದು ಕಡೆ ವಾಲಿಸಿ, ಇಲ್ಲದ ಟೈ ಸರಿಮಾಡಿಕೊಂಡು, "ಮ್ಯಾಡಮ್ಮೂ, ಪೀಸು ಫಸ್ಟ್ ಕ್ಲಾಸು. ಯೂಸೇಜು ಸ್ವಲ್ಪ... ಹೆವಿ" ಎಂದು ಎದುರಿನವರನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡುತ್ತಾರೆ. ನೋಡಿದವರು ಬಿದ್ದು ಬಿದ್ದು ನಗುತ್ತಾರೆ. ಒಬ್ಬರನ್ನು ಬಿಟ್ಟು.

ಆ ಒಬ್ಬರು ಎದುರು ಸಾಲಿನ ಇಸ್ತ್ರಿ ಅಕ್ಕ. ದಪ್ಪ ಮೈ, ಸಣ್ಣ ದನಿ. ಜನ್ಮದಲ್ಲಿ ಮೊದಲ ಸಲ ಹೊಸ ಸೋಫಾ ಕೊಂಡರು. 'ತೇಗದ ಚೌಕಟ್ಟು, ಐದು ವರ್ಷ ಗ್ಯಾರಂಟಿ' ಎಂದು ಷೋರೂಮಿನವರು ಹೇಳಿದ್ದರು. ಸುಖಾಸನವೆಂದು ತಂದದ್ದು ವರ್ಷ ತುಂಬುವ ಮೊದಲೇ ಯೋಗಾಸನವಾಯಿತು. ನಡುವೆ ಗುಂಡಿ ಬಿತ್ತು, ಕೂತವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಕೇಳಲು ಹೋದಾಗ ಸಿಕ್ಕಿದ್ದು ಆ 'ಹೆವಿ', ಮತ್ತು ಆ ನೋಟ.

ಅಕ್ಕ ಜಗಳ ಮಾಡಲಿಲ್ಲ. ಮನೆಗೆ ಬಂದು ಗುಂಡಿಗೆ ಕಂಬಳಿ ಮಡಿಚಿಟ್ಟು ಮೇಲೆ ಚಂದದ ಹೊದಿಕೆ ಹಾಸಿದರು. ನೆಂಟರು ಬಂದರೆ ಅವರನ್ನು ಎರಡೂ ತುದಿಗೆ ಕೂರಿಸಿ ತಾವೇ ನಡುವೆ ಕೂತರು. "ಗುಂಡಿ ಕಾಣ್ಬಾರ್ದು ಅಂತ ಗುಂಡಿ ಮೇಲೆ ನಾನೇ ಕೂತ್ಕೋತಿದ್ದೆ" ಎನ್ನುತ್ತಾರೆ ಅವರು, ಷರ್ಟಿನ ಕಾಲರ್ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾ. "ರಾತ್ರಿ ಊಟ ಬಿಟ್ಬಿಟ್ಟೆ. ಮೈ ಇಳಿದ್ರೆ ಸೋಫಾ ಮೇಲೇಳುತ್ತೇನೋ ಅಂತ."

ಕೊನೆಗೆ ಸ್ಪ್ರಿಂಗಣ್ಣನವರನ್ನು ಕರೆದರು. ಇವರು ತಳ ಬಿಚ್ಚಿ ನೋಡಿದರೆ ತೇಗವೂ ಇಲ್ಲ, ಬೀಟೆಯೂ ಇಲ್ಲ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆ, ಅದಕ್ಕೆ ಪೇಪರಿಗೆ ಹೊಡೆಯುವಂಥ ಪಿನ್ನು. ಬೆರಳಲ್ಲಿ ಕೆರೆದರೆ ಪುಡಿ. "ಅಕ್ಕ, ಇದು ನಿನ್ನ ಭಾರಕ್ಕಲ್ಲ, ಅವರ ಮೋಸಕ್ಕೆ ಕುಸಿದಿದೆ. ದೂರು ಕೊಡು. ಮಾಡಿದ್ದರಲ್ಲೇ ತಪ್ಪಿದ್ರೆ ಬದಲಿಸಿ ಕೊಡ್ಬೇಕು, ಇಲ್ಲ ದುಡ್ಡು ವಾಪಸ್ ಕೊಡ್ಬೇಕು. ಕೇಳೋದು ನಿನ್ನ ಹಕ್ಕು" ಎಂದು ತಾವೇ ಗ್ರಾಹಕರ ದೂರಿನ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿನ ಅಧಿಕಾರಿ, 'ಬಂದು ನೋಡುತ್ತೇವೆ' ಎಂದರು.

ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಆಮೇಲೆ ಸ್ಪ್ರಿಂಗಣ್ಣ ಒಂದು ತಪ್ಪು ಮಾಡಿದರು, ಒಳ್ಳೆಯ ಕೆಲಸಗಾರ ಮಾತ್ರ ಮಾಡಬಲ್ಲ ತಪ್ಪು. ಮನೆಗೆ ದೊಡ್ಡವರು ಬರುತ್ತಾರೆ, ಅಕ್ಕನ ಸೋಫಾ ಬಟ್ಟೆ ಬಿಚ್ಚಿದಂತೆ ಬಿದ್ದಿದ್ದರೆ ಅವಳ ಮರ್ಯಾದೆ ಏನಾಗಬೇಕು? ಹೊಟ್ಟಿನ ಹಲಗೆ ಕಿತ್ತು, ತಮ್ಮಲ್ಲಿದ್ದ ಗಟ್ಟಿ ಮರ ಕೂರಿಸಿ, ಪಟ್ಟಿ ಬಿಗಿದು, ಗೆರೆ ಎಳೆದಂತೆ ಹೊಲಿದರು. ಹಳೇ ಹಲಗೆಯನ್ನು ಟೀ ಅಂಗಡಿಯ ಒಲೆಗೆ ಕೊಟ್ಟರು.

ಅಧಿಕಾರಿ ಬಂದರು, ಜೊತೆಗೆ ಮ್ಯಾನೇಜರೂ. ಅಧಿಕಾರಿ ಕೂತು ನೋಡಿದರು, ಎದ್ದು ನೋಡಿದರು. "ಚೆನ್ನಾಗೇ ಇದೆಯಲ್ಲಮ್ಮ. ಏನ್ ದೂರು?"

ಸ್ಪ್ರಿಂಗಣ್ಣ ಮುಂದೆ ಬಂದು ತಾವು ರಿಪೇರಿ ಮಾಡಿದ್ದಾಗಿ ಹೇಳಿದರು. ಮ್ಯಾನೇಜರ್ ಟೈ ಸರಿಮಾಡಿಕೊಂಡ. "ಹೊರಗಿನವ್ರು ಕೈ ಹಾಕಿದ್ದಾರೆ ಸಾರ್. ಗ್ಯಾರಂಟಿ ಮುಗೀತು." ಹೋಗುವಾಗ ಮತ್ತೊಮ್ಮೆ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಅಕ್ಕ ನನ್ನ ಬೈದಿದ್ರೆ ಬದುಕ್ಕೋತಿದ್ದೆ" ಎನ್ನುತ್ತಾರೆ ಸ್ಪ್ರಿಂಗಣ್ಣ, ಸೂಜಿಯ ಬಾಗನ್ನು ಹೆಬ್ಬೆರಳಲ್ಲಿ ಸವರುತ್ತಾ. "ಬೈಲಿಲ್ಲ. 'ಟೀ ಕುಡಿದು ಹೋಗಣ್ಣ' ಅಂದ್ಳು. ಆ ಟೀ ಕಾಯ್ಸಿದ್ದು ಯಾವ ಹಲಗೇಲಿ ಅಂತ ನಂಗೆ ಅಲ್ವಾ ಗೊತ್ತು. ಅದೇ ಟೀ ಅಂಗಡಿಯಿಂದ ತರಿಸಿದ್ದು."

ಅಂದಿನಿಂದ ಅವರು ಇಸ್ತ್ರಿ ಅಂಗಡಿಯ ಮುಂದೆ ಹಾಯುವುದು ಬಿಟ್ಟಿದ್ದರು. ಎದುರಿಗೇ ಇರುವ ತಮ್ಮ ಮನೆಗೂ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಿದ್ದರು. ಹಾಗೆ ಸುತ್ತುವಾಗಲೇ ಒಂದು ಕಿಟಕಿಯಿಂದ ಆ ಸದ್ದು ಕೇಳಿಸಿತು. ಕೂತಾಗ 'ಸುಂಯ್', ಆಮೇಲೆ 'ಪುಸ್'. ಅಕ್ಕನ ಸೋಫಾದ ಒಡಹುಟ್ಟಿದ ದನಿ. ಬಾಗಿಲು ತಟ್ಟಿದರು.

ತೆರೆದವರು ಡ್ರಾಯಿಂಗ್ ಮೇಷ್ಟ್ರು, ಬೀದಿಗೆಲ್ಲ ಕಡ್ಡಿ ಮೇಷ್ಟ್ರು. ಫ್ಯಾನು ಹಾಕಿದರೆ ಗೋಡೆ ಹಿಡಿದು ನಡೆಯುವ ಮೈ. ಅದೇ ಷೋರೂಮು, ಅದೇ ಸೋಫಾ, ಅದೇ ಜಾಗದಲ್ಲಿ ಗುಂಡಿ. ಅವರ ನಾಚಿಕೆ ಬೇರೆ ಥರದ್ದು. "ಜಿಪುಣ ಅಂತ ಮೊದಲೇ ಹೆಸರಿದೆ. ಕಡಿಮೆ ಬೆಲೇದು ತಂದ ಅಂತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಗುಂಡಿ ಮೇಲೆ ಡ್ರಾಯಿಂಗ್ ಬೋರ್ಡ್ ಇಟ್ಟು ಕೂರ್ತಿದ್ದೆ" ಎನ್ನುತ್ತಾರೆ.

ರಿಪೇರಿಗೆಂದು ಅಂಗಡಿ ಮುಂದೆ ತಂದು ಮಗುಚಿದ ಕೂಡಲೇ ತಳದ ಬಟ್ಟೆ ತಾನಾಗಿ ಹರಿದು ಬಿಚ್ಚಿಕೊಂಡಿತು. ಸ್ಪ್ರಿಂಗಣ್ಣ ಸುತ್ತಿಗೆ ಕೆಳಗಿಟ್ಟರು. ಮೇಷ್ಟ್ರನ್ನು ಕರೆದುಕೊಂಡು ಮತ್ತೆ ಅದೇ ಕಚೇರಿಗೆ ಹೋದರು. 'ಒಂದು ಪಿನ್ನೂ ಮುಟ್ಟಬೇಡಿ' ಎಂದರಂತೆ ಅಧಿಕಾರಿ. ಮುಟ್ಟಿಲ್ಲ. ಮಳೆಹನಿ ಬಿದ್ದಾಗ ಕೊಡೆ ಹಿಡಿದಿದ್ದಾರೆ, ನಾಯಿ ಬಂದಾಗ ಓಡಿಸಿದ್ದಾರೆ. "ಅಪ್ಪ ಇದ್ದಿದ್ರೆ ಸುತ್ತಿಗೆ ವಾಪಸ್ ಇಸ್ಕೋತಿದ್ದ" ಎಂದು ತಲೆ ತಗ್ಗಿಸುತ್ತಾರೆ.

ಬಿಸಿಲು ಎರಡೂ ಬದಿಗೆ ಹರಡುವ ಹೊತ್ತಿಗೆ ಅಧಿಕಾರಿ ಬರುತ್ತಾರೆ. ಬಗ್ಗಿ ಹಲಗೆ ಕೆರೆದು ಪುಡಿಯನ್ನು ಪೊಟ್ಟಣ ಕಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ಇಸ್ತ್ರಿ ಅಕ್ಕ ತಮ್ಮ ಮೇಜು ಬಿಟ್ಟು ರಸ್ತೆ ದಾಟಿ ಬಂದಿದ್ದಾರೆ. ಒಮ್ಮೆ ಕುಸಿದ ಹಲಗೆಯನ್ನು, ಒಮ್ಮೆ ಮೇಷ್ಟ್ರನ್ನು ನೋಡುತ್ತಾರೆ.

"ಇದು ನಿಮ್ದಾ ಮೇಷ್ಟ್ರೇ?"

"ಹೂಂ ಕಣಮ್ಮ. ನಂದೂ ಯೂಸೇಜು ಹೆವಿ ಅಂತೆ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನಗುವೋ ಅಳುವೋ ಹೊರಗೆ ಕಾಣುವುದಿಲ್ಲ.

"ಅಮ್ಮಾವ್ರ ದೂರೂ ಇದರ ಜೊತೆ ಸೇರಿಸಬಹುದು" ಎನ್ನುತ್ತಾರೆ ಅಧಿಕಾರಿ, ಸ್ಪ್ರಿಂಗಣ್ಣನವರತ್ತ ತಿರುಗಿ. "ಆದ್ರೆ ಅವರ ಸೋಫಾದಲ್ಲೂ ಇದೇ ಹಲಗೆ ಇತ್ತು, ಅದನ್ನ ಒಲೆಗೆ ಹಾಕಿದ್ದು ನೀವೇ ಅಂತ ಎಲ್ಲರ ಮುಂದೆ ಬಂದು ಹೇಳ್ಬೇಕಾಗುತ್ತೆ. ಷೋರೂಮಿನವ್ರು ನಿಮ್ಮನ್ನ ಕೆಣಕ್ತಾರೆ. ಬರ್ತೀರಾ?"

"ಬರ್ತೀನಿ ಸಾರ್. ಬೀದೀಲಿ ಹಿಂಗೆ ಕೂತು ಅಭ್ಯಾಸ ಆಗಿದೆ ಈಗ."

ಅಧಿಕಾರಿ ಹೋದ ಮೇಲೆ ಅಕ್ಕ ಸೂಜಿಯ ಕಡೆ ಕಣ್ಣು ತೋರಿಸುತ್ತಾರೆ. "ಇನ್ನಾದ್ರೂ ಹೊಲಿದ್ಬಿಡಣ್ಣ, ನೋಡೋಕಾಗ್ತಿಲ್ಲ."

"ತೀರ್ಪು ಬರ್ಲಿ" ಎಂದು ಸ್ಪ್ರಿಂಗಣ್ಣ ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುತ್ತಾರೆ. ಅವರು ಕೇಳಿಕೊಳ್ಳುವುದು ಹೆಚ್ಚೇನಲ್ಲ. "ಅಕ್ಕ ರಾತ್ರಿ ಊಟ ಮಾಡ್ಬೇಕು. ಹೊಟ್ಟೆ ತುಂಬಾ ಉಂಡು ತನ್ನ ಸೋಫಾದ ತುದೀಲಿ, ನೆಂಟರ ಜಾಗದಲ್ಲಿ, ಧೊಪ್ಪಂತ ಕೂರ್ಬೇಕು."

ಅಕ್ಕನ ಸೋಫಾದ ಸದ್ದು ಈಗ ಹೇಗಿದೆ, ಮಾಡಿ ತೋರಿಸಿ ಎಂದರೆ ಬಾಯಿ ತೆರೆಯುತ್ತಾರೆ. ಹಾಗೇ ಮುಚ್ಚುತ್ತಾರೆ.

"ಅದನ್ನ ಅಣಕಿಸೋಕ್ ಬರಲ್ಲ" ಎನ್ನುತ್ತಾರೆ, ನೆಲ ನೋಡುತ್ತಾ. "ಸದ್ದೇ ಇಲ್ಲ ಅದಕ್ಕೆ."