ಪೇಟೆಂಟ್ ಎಂಬ ಗುಳಿಗೆ

ಪಿಯುಸಿ ಮುಗಿದಾಗ ನಾನು ವಕೀಲಳಾಗುತ್ತೇನೆ ಎಂದೆ. ಅದಕ್ಕೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಜಗಳ ಶುರುವಾದದ್ದು ಬಿ.ಎ. ಬೇಡ, ಬಿ.ಎಸ್ಸಿ. ಓದುತ್ತೇನೆ ಎಂದಾಗ.

ನನ್ನ ತಲೆಗೆ ಈ ಹುಳ ಬಿಟ್ಟವರು ಅಪ್ಪನ ಗೆಳೆಯರಾಗಿದ್ದ ಹುಬ್ಬಳ್ಳಿಯ ವಕೀಲರು. ಪಂಪಿನ ಪೇಟೆಂಟ್ ಸಲುವಾಗಿ ಎರಡು ಕಾರಖಾನೆಗಳು ಜಗಳಾಡಿ, ಆ ಖಟ್ಲೆ ಅವರ ಕೈಗೆ ಬಂದಿತ್ತು. "ಹೊಲಮನಿ ಖಟ್ಲೆ ನಡಸವ್ರು ಬೇಕಾದಷ್ಟು ಮಂದಿ ಅದೀವಿ. ಪಂಪು ನೀರು ಹೆಂಗ ಎತ್ತತೈತಿ ಅಂತ ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ. ನೀ ಮೊದಲ ಫಿಸಿಕ್ಸ್ ಓದವ್ವಾ, ಕಾಯ್ದೆ ಆಮ್ಯಾಲೆ," ಎಂದಿದ್ದರು.

ಸಂಶಿಯ ಹತ್ತಿರದ ನಮ್ಮೂರಿನಿಂದ ದಿನಾ ಹುಬ್ಬಳ್ಳಿಗೆ ಓಡಾಡಿ ಬಿ.ಎ. ಮಾಡಬಹುದಿತ್ತು. ಬಿ.ಎಸ್ಸಿ.ಯ ಪ್ರ್ಯಾಕ್ಟಿಕಲ್ ಮುಗಿಯುವ ಹೊತ್ತಿಗೆ ಮಾತ್ರ ನಮ್ಮೂರ ಕೊನೆಯ ಬಸ್ಸು ಹುಬ್ಬಳ್ಳಿ ಬಿಟ್ಟಿರುತ್ತಿತ್ತು. ಹುಡುಗಿಯನ್ನು ಒಬ್ಬಳೇ ಪರವೂರಲ್ಲಿಡಲು ಅಪ್ಪ ಸುತಾರಾಂ ಒಪ್ಪಲಿಲ್ಲ. ನಾನೂ ಮುಖ ಊದಿಸಿಕೊಂಡು ಕೂತೆ.

ಅಪ್ಪನ ತಾಯಿ, ನಮ್ಮ ಆಯಿ, ಕಾಳು ಹಸನು ಮಾಡುತ್ತ ಎಲ್ಲ ಕೇಳುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಪೇಟೆಂಟ್ ಎಂಬ ಒಂದೇ ಮಾತು. ನಮ್ಮ ಓಣಿಯಲ್ಲಿ ಪೇಟೆಂಟ್ ಎಂದರೆ ಅಂಗಡಿಯಲ್ಲಿ ಸಿಗುವ ತಯಾರು ಔಷಧ.

"ಔಷಧದ ವಿದ್ಯಾ ಐತಿ, ಕಲೀಲಿ ಬಿಡು. ಆಕಿ ಕೂಡ ನಾ ಹೋಗಿ ಇರ್ತೀನಿ," ಎಂದಳು.

ಅಪ್ಪ ನಕ್ಕುಬಿಟ್ಟ. "ಅದು ಗುಳಗಿ ಅಲ್ಲಬೇ."

ಹೊಸ ಯಂತ್ರ ಮಾಡಿದವನ ಹಕ್ಕು ಕಾಯುವ ಕಾಯ್ದೆ ಅದು ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಆಯಿ ಇನ್ನು ಹಿಂದೆ ಸರಿಯುತ್ತಾಳೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಯಿ ಮೊರ ಕೆಳಗಿಟ್ಟಳು. "ಗುಳಗಿ ಅಲ್ಲಂದ್ರ ಅಲ್ಲ. ಅದನ್ನ ಓದವ್ರಿಗೂ ರೊಟ್ಟಿ ಬೇಕಲ್ಲ?"

ಅಪ್ಪ ಒಪ್ಪಿಕೊಂಡ. ತಾಯಿಯ ಮಾತು ಮೀರಿ ಅವನಿಗೆ ರೂಢಿಯಿರಲಿಲ್ಲ.

ಹುಬ್ಬಳ್ಳಿಯಲ್ಲಿ ಖೋಲಿ ಹಿಡಿದೆವು. ಮನೆ, ಎಮ್ಮೆ, ಓಣಿಯ ಗೆಳತಿಯರನ್ನು ಬಿಟ್ಟು, ನಳದ ನೀರಿಗೆ ದಿನವೂ ಬೈಯುತ್ತ, ನನ್ನ ಡಿಗ್ರಿ ಮುಗಿಯುವ ತನಕ ಆಯಿ ಅಲ್ಲೇ ಇದ್ದಳು. ಮುಂದೆ ಕಾಯ್ದೆ ಓದಿ ಪೇಟೆಂಟ್ ವಕೀಲಳಾದೆ. ಇವತ್ತು ತಿನ್ನುವ ಅನ್ನ ಆಕೆ ಕೊಟ್ಟದ್ದು. ಈ ಋಣ ತೀರುವಂಥದ್ದಲ್ಲ, ತೀರಿಸಿ ಕೈ ತೊಳೆದುಕೊಳ್ಳುವ ಆಸೆಯೂ ನನಗಿಲ್ಲ.

ಬಿ.ಎಸ್ಸಿ.ಯ ಎರಡನೆಯ ವರ್ಷ ಪಂಚಮಿ ಹಬ್ಬಕ್ಕೆ ಕರೆಯಲು ಅಪ್ಪ ಬಂದಿದ್ದ. ಆಯಿಗೆ ಎಲ್ಲಕ್ಕಿಂತ ಪ್ರೀತಿಯ ಹಬ್ಬ ಅದು. ನಾನು ಬಾಯಿ ತೆರೆಯುವ ಮೊದಲೇ, ಅಕ್ಷರ ಬಾರದ ಆಕೆ ಮಗನಿಗೆ ಹೇಳಿದಳು:

"ಈ ಸಲ ಬರಾಕ ಆಗಂಗಿಲ್ಲೋ. ನಮ್ಮದು ಪ್ರ್ಯಾಕ್ಟಿಕಲ್ ಐತಿ."